ಶ್ರೀಲಂಕಾದ ಬೌದ್ಧ ತಾಣಗಳಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಸಲ ಶ್ರೀಲಂಕಾಕ್ಕೆ ಹೋಗಿ ಬಂದಿದ್ದೇ ನೆಪ. ಈಗ ನೆಂಟರು, ಆಫೀಸಿನವರು, ಪಕ್ಕದ ಮನೆಯವರು ಯಾರು ಹೊರಟರೂ ನನಗೇ ಫೋನ್ ಮಾಡುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಬೀಚು, ಸಫಾರಿ ಇವುಗಳ ಬಗ್ಗೆ ಇಲ್ಲಿ ಏನೂ ಸಿಗುವುದಿಲ್ಲ. ಬುದ್ಧನ ಜಾಗಗಳನ್ನು ನೋಡಲೆಂದೇ ಹೋಗುವವರಿಗೆ ಇದು.

ಬುದ್ಧಗಯೆ, ಸಾರನಾಥ ನಮ್ಮ ದೇಶದಲ್ಲೇ ಇವೆಯಲ್ಲ. ಶ್ರೀಲಂಕಾಕ್ಕೆ ಯಾಕೆ ಹೋಗಬೇಕು?

ನಮ್ಮಲ್ಲಿ ಬೌದ್ಧ ತಾಣ ಎಂದರೆ ಬಹುಪಾಲು ಮಣ್ಣಿನಿಂದ ಅಗೆದು ತೆಗೆದ ಜಾಗ. ಅಲ್ಲಿ ಹಾಗಲ್ಲ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಶೋಕನ ಮಗ ಮಹಿಂದ ಅಲ್ಲಿಗೆ ಹೋದ, ಹಿಂದೆಯೇ ಮಗಳು ಸಂಘಮಿತ್ತೆ ಬೋಧಿವೃಕ್ಷದ ಕೊಂಬೆ ತೆಗೆದುಕೊಂಡು ಹೋದಳು ಎನ್ನುತ್ತದೆ ಅವರ ಚರಿತ್ರೆ. ಆ ಕೊಂಬೆ ಅನುರಾಧಪುರದಲ್ಲಿ ಮರವಾಗಿ ಇವತ್ತಿಗೂ ನಿಂತಿದೆ. ಬುದ್ಧಗಯೆಯಲ್ಲಿ ಈಗಿರುವುದು 19ನೇ ಶತಮಾನದಲ್ಲಿ ಮತ್ತೆ ನೆಟ್ಟ ಗಿಡ. ಅಂದರೆ ತಾಯಿ ಮರ ಹೋಯಿತು, ಮಗಳ ಮನೆಗೆ ಕೊಟ್ಟ ಕೊಂಬೆ ಉಳಿಯಿತು.

ಕನ್ನಡದವರಿಗೆ ಇನ್ನೊಂದು ಕಾರಣವೂ ಇದೆ. ಶ್ರೀಲಂಕಾದ ಪಾಲಿ ಚರಿತ್ರೆ ಮಹಾವಂಸದಲ್ಲಿ, ಮೂರನೇ ಸಂಗೀತಿ, ಅಂದರೆ ಭಿಕ್ಷುಗಳ ಮೂರನೇ ಮಹಾಸಭೆ, ಆದ ಮೇಲೆ ಯಾರನ್ನು ಎಲ್ಲಿಗೆ ಕಳಿಸಿದರು ಎಂಬ ಪಟ್ಟಿ ಇದೆ. ಮಹಿಂದನನ್ನು ಲಂಕೆಗೆ, ರಕ್ಖಿತನನ್ನು ವನವಾಸಕ್ಕೆ, ಮಹಾದೇವನನ್ನು ಮಹಿಷಮಂಡಲಕ್ಕೆ. ವನವಾಸ ಎಂದರೆ ನಮ್ಮ ಬನವಾಸಿ, ಮಹಿಷಮಂಡಲ ಎಂದರೆ ಮೈಸೂರು ಸೀಮೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇನ್ನೂ ಚೆನ್ನಾಗಿರುವ ಕತೆ ಮಸ್ಕಿಯದು. ಶಾಸನಗಳಲ್ಲಿ ಬರುವ 'ದೇವಾನಂಪಿಯ ಪಿಯದಸಿ' ಯಾರು ಅಂತಲೇ ಬಹಳ ಕಾಲ ಗೊತ್ತಿರಲಿಲ್ಲ. ಅವನು ಅಶೋಕನೇ ಎಂದು 1837ರಲ್ಲಿ ಗೊತ್ತಾಗಿದ್ದು ಲಂಕೆಯ ಪಾಲಿ ಚರಿತ್ರೆಯಿಂದ. ಅದು ಸರಿ ಎಂದು ಕಲ್ಲಿನ ಮೇಲೆ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅಲ್ಲಿ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಇದೆ.

ಎಷ್ಟು ದಿನ ಬೇಕು?

ಬೌದ್ಧ ತಾಣಗಳಿಗೆ ಅಂತಲೇ 6 ರಾತ್ರಿ. ನಾನು ಮೊದಲ ಸಲ ಪ್ಯಾಕೇಜಿನಲ್ಲಿ ಹೋಗಿದ್ದೆ. ಕೊಲಂಬೊ, ಕ್ಯಾಂಡಿ, ನುವರ ಎಲಿಯ, ಒಂದು ಬೀಚು, ವಾಪಸ್. ಅನುರಾಧಪುರ ಪಟ್ಟಿಯಲ್ಲೇ ಇರಲಿಲ್ಲ. ಕೇಳಿದರೆ "ಅಲ್ಲೇನಿದೆ ಮೇಡಂ, ಬರೀ ಇಟ್ಟಿಗೆ ಗುಡ್ಡ" ಅಂದರು. ಎರಡನೇ ಸಲ ಅಮ್ಮನನ್ನು ಕರೆದುಕೊಂಡು ನಾನೇ ಪ್ಲಾನ್ ಮಾಡಿ ಹೋದೆ. ಆ ಇಟ್ಟಿಗೆ ಗುಡ್ಡದ ಮುಂದೆ ಎರಡು ದಿನ ಸಾಲಲಿಲ್ಲ.

ನನ್ನ ಲೆಕ್ಕ ಹೀಗೆ: ವಿಮಾನ ಇಳಿದ ರಾತ್ರಿ ನೆಗೊಂಬೊದಲ್ಲಿ. ವಿಮಾನ ನಿಲ್ದಾಣ ಇರುವುದು ಕಟುನಾಯಕದಲ್ಲಿ, ಅದಕ್ಕೆ ಕೊಲಂಬೊಗಿಂತ ನೆಗೊಂಬೊ ಹತ್ತಿರ. ಮರುದಿನ ನೇರ ಅನುರಾಧಪುರ, ಅಲ್ಲಿ 2 ರಾತ್ರಿ. ಆಮೇಲೆ ಸಿಗಿರಿಯ ಅಥವಾ ದಂಬುಲ್ಲದಲ್ಲಿ 2 ರಾತ್ರಿ, ಅಲ್ಲಿಂದಲೇ ಒಂದು ದಿನ ಪೊಲೊನ್ನರುವಕ್ಕೆ ಹೋಗಿ ಬರಬಹುದು. ಕೊನೆಗೆ ಕ್ಯಾಂಡಿಯಲ್ಲಿ 1 ರಾತ್ರಿ. ಕೊಲಂಬೊ ಬಿಟ್ಟರೂ ನಷ್ಟವಿಲ್ಲ. 4 ದಿನ ಮಾತ್ರ ಇದೆ ಅಂದರೆ ಕ್ಯಾಂಡಿ ಬಿಡಿ, ಅನುರಾಧಪುರ ಬಿಡಬೇಡಿ. ಇದನ್ನು ಹೇಳಿದರೆ ಎಲ್ಲರೂ ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ಬರಲಿ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಸುಮಾರು ಒಂದೂವರೆ ಗಂಟೆ. ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ, ಅವರದೂ ನಮ್ಮದೂ ಒಂದೇ ಸಮಯ.

ಯಾವ ತಿಂಗಳು ಒಳ್ಳೆಯದು?

ಅಲ್ಲಿ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ ಪಶ್ಚಿಮ, ದಕ್ಷಿಣ ಮತ್ತು ಬೆಟ್ಟದ ಕಡೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಉತ್ತರ, ಪೂರ್ವದ ಕಡೆ. ಅನುರಾಧಪುರ, ಪೊಲೊನ್ನರುವ ಬರುವುದು ಈ ಎರಡನೇ ಭಾಗದಲ್ಲಿ. ಆದ್ದರಿಂದ ಫೆಬ್ರವರಿ, ಮಾರ್ಚ್ ನನ್ನ ಆಯ್ಕೆ. ಜುಲೈ, ಆಗಸ್ಟ್ ಕೂಡ ಆಗುತ್ತದೆ, ಆದರೆ ಬಿಸಿಲು ಚುರುಗುಟ್ಟುತ್ತದೆ. ನವೆಂಬರ್ ಬೇಡ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದು ಬೆಟ್ಟದ ಸೀಮೆಯಲ್ಲಿ ಎಷ್ಟು ಅನಾಹುತ ಆಯಿತು ಅಂತ ನೀವೂ ಸುದ್ದಿಯಲ್ಲಿ ನೋಡಿರುತ್ತೀರಿ.

ಹುಣ್ಣಿಮೆ ದಿನ ಎಲ್ಲ ಬಂದ್ ಇರುತ್ತಂತೆ. ಆ ದಿನ ತಪ್ಪಿಸಬೇಕಾ?

ಪ್ರತಿ ಹುಣ್ಣಿಮೆಯೂ ಅಲ್ಲಿ ಸರ್ಕಾರಿ ರಜೆ. ಅದಕ್ಕೆ ಪೋಯ ದಿನ ಎನ್ನುತ್ತಾರೆ. ಬ್ಯಾಂಕು, ಕಚೇರಿ ಇಲ್ಲ, ಮದ್ಯ ಮಾರುವಂತಿಲ್ಲ, ಮಾಂಸದ ಅಂಗಡಿಯೂ ಮುಚ್ಚಿರುತ್ತದೆ. ಹೋಟೆಲು, ಬಸ್ಸು, ದೇವಸ್ಥಾನ ಎಲ್ಲ ಇರುತ್ತದೆ. ಪ್ಯಾಕೇಜಿನವರು ಈ ದಿನ ತಪ್ಪಿಸುತ್ತಾರೆ. ನಾನಾದರೆ ಅದನ್ನೇ ನೋಡಿ ಟಿಕೆಟ್ ಮಾಡುತ್ತೇನೆ. ಬೆಳಗ್ಗೆಯೇ ಬಿಳಿ ಬಟ್ಟೆ ಉಟ್ಟುಕೊಂಡು, ಕೈಯಲ್ಲಿ ಹೂವಿನ ತಟ್ಟೆ ಹಿಡಿದು, ಮಕ್ಕಳುಮರಿ ಸಮೇತ ಜನ ವಿಹಾರಕ್ಕೆ ಬಂದು ಸಂಜೆವರೆಗೂ ಮರದ ಕೆಳಗೆ ಕೂತಿರುತ್ತಾರೆ.

ಮೇ ತಿಂಗಳ ವೇಸಕ್ ಎಲ್ಲಕ್ಕಿಂತ ದೊಡ್ಡದು, ಎರಡು ದಿನ ರಜೆ. ಮನೆ ಮನೆಗೆ ಕಾಗದದ ಗೂಡುದೀಪ. ನಮ್ಮ ಕರಾವಳಿಯ ದೀಪಾವಳಿ ಗೂಡುದೀಪ ನೋಡಿದವರಿಗೆ ಊರಿನ ನೆನಪಾಗುತ್ತದೆ. ರಸ್ತೆ ಬದಿಯಲ್ಲಿ 'ದಂಸಲ್' ಎಂಬ ಚಪ್ಪರ ಹಾಕಿ ದಾರಿಯಲ್ಲಿ ಹೋಗುವವರಿಗೆಲ್ಲ ಪುಕ್ಕಟೆ ಊಟ, ಪಾನಕ ಕೊಡುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ಸ್ವಲ್ಪವಾದರೂ ತಿನ್ನಿ. ಜೂನಿನ ಪೊಸೊನ್ ಹುಣ್ಣಿಮೆ ಮಹಿಂದ ಬಂದಿಳಿದ ದಿನ. ಆಗ ಅನುರಾಧಪುರದಲ್ಲಿ, ಅವನು ಬಂದಿಳಿದ ಬೆಟ್ಟ ಮಿಹಿಂತಲೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮಂತೂ ಸಿಗುವುದೇ ಇಲ್ಲ. ಮೊದಲ ಸಲ ಹೋಗುವವರಿಗೆ ಸಾಧಾರಣ ತಿಂಗಳ ಪೋಯ ಸಾಕು. ಗೋಡೆಗೆ ನೇತುಹಾಕಿರುವ ನಮ್ಮ ಕ್ಯಾಲೆಂಡರಿನಲ್ಲೇ ಹುಣ್ಣಿಮೆ ನೋಡಿ. ಒಂದು ದಿನ ಆಚೀಚೆ ಇರಬಹುದು, ಅಷ್ಟೇ.

ವೀಸಾ?

ಹೊರಡುವ ಮೊದಲೇ ಆನ್‌ಲೈನಿನಲ್ಲಿ ಈಟಿಎ ಎಂಬ ಪ್ರಯಾಣದ ಅನುಮತಿ ತೆಗೆದುಕೊಂಡುಬಿಡಿ. ಭಾರತೀಯರಿಗೆ ಶುಲ್ಕ ಉಂಟೋ ಇಲ್ಲವೋ ಎಂಬುದು ಈಚಿನ ವರ್ಷಗಳಲ್ಲಿ ಬದಲಾಗುತ್ತಲೇ ಇದೆ. ಹಾಗಾಗಿ ನನ್ನನ್ನಾಗಲಿ ಯೂಟ್ಯೂಬನ್ನಾಗಲಿ ನಂಬಬೇಡಿ, ಅವರ ಸರ್ಕಾರಿ ಜಾಲತಾಣ ನೋಡಿ. ನೋಡಲು ಥೇಟ್ ಹಾಗೇ ಇರುವ ಖಾಸಗಿ ತಾಣಗಳಿವೆ, ಸುಮ್ನೆ ಎರಡರಷ್ಟು ದುಡ್ಡು ಕಿತ್ತುಕೊಳ್ಳುತ್ತವೆ. ವಿಳಾಸದಲ್ಲಿ 'ಡಾಟ್ ಗವ್ ಡಾಟ್ ಎಲ್‌ಕೆ' ಇದ್ದರೆ ಮಾತ್ರ ಮುಂದುವರಿಯಿರಿ. ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು.

ನಮ್ಮ ರೂಪಾಯಿ ನಡೆಯುತ್ತಾ? ಫೋನ್‌ಪೇ?

ಅವರದೂ ರೂಪಾಯಿಯೇ, ಆದರೆ ಬೇರೆ ರೂಪಾಯಿ. ನಮ್ಮ ಒಂದು ರೂಪಾಯಿಗೆ ಅವರದು ಮೂರು ಮೂರೂವರೆ ಬರುತ್ತದೆ. ಊಟದ ಬಿಲ್ಲು ನೋಡಿ ಎದೆ ಧಸಕ್ ಎನ್ನುವುದು ಮೊದಲ ದಿನ ಎಲ್ಲರಿಗೂ ಇದ್ದದ್ದೇ. ಯುಪಿಐ 2024ರ ಫೆಬ್ರವರಿಯಿಂದ ಇದೆ, ಅವರ ಲಂಕಾಕ್ಯೂಆರ್ ಇರುವ ಅಂಗಡಿಗಳಲ್ಲಿ ನಡೆಯುತ್ತದೆ. ದೊಡ್ಡ ಹೋಟೆಲಿನಲ್ಲಿ ಸರಿ. ಹೂವು ಮಾರುವ ಅಜ್ಜಿ, ಎಳನೀರಿನವನು, ಆಟೋದವನು ಇವರಿಗೆಲ್ಲ ನೋಟೇ ಬೇಕು. ವಿಮಾನ ನಿಲ್ದಾಣದಲ್ಲೇ ಸ್ವಲ್ಪ ಬದಲಾಯಿಸಿಕೊಳ್ಳಿ, ಸಿಮ್ ಕೂಡ ಅಲ್ಲೇ ಸಿಗುತ್ತದೆ.

ಪ್ರವೇಶ ಟಿಕೆಟ್ ತುಂಬಾ ದುಬಾರಿ ಅಂತಾರೆ, ಹೌದಾ?

ಹೌದು. ಸಿಗಿರಿಯ, ಅನುರಾಧಪುರ, ಪೊಲೊನ್ನರುವ ಮೂರೂ ಕಡೆ ವಿದೇಶಿಯರಿಗೆ ಡಾಲರಿನ ಲೆಕ್ಕ. ಆದರೆ ಸಾರ್ಕ್ ದೇಶದವರಿಗೆ, ಅಂದರೆ ನಮಗೂ, ಸುಮಾರು ಅರ್ಧ ಬೆಲೆ. ಇದನ್ನು ಅವರಾಗಿಯೇ ಹೇಳುತ್ತಾರೆ ಅಂತ ಕಾಯಬೇಡಿ, ನೀವೇ ಕೇಳಿ. ಪಾಸ್‌ಪೋರ್ಟ್ ಮೂಲ ಪ್ರತಿಯೇ ಕೈಯಲ್ಲಿರಲಿ. ನಾನು ಜೆರಾಕ್ಸ್ ಹಿಡಿದುಕೊಂಡು ಹೋಗಿ, ಮತ್ತೆ ರೂಮಿಗೆ ಆಟೋದಲ್ಲಿ ಓಡಿದ್ದೇನೆ.

ದೇವಸ್ಥಾನಗಳಲ್ಲಿ ಏನು ಹಾಕಿಕೊಳ್ಳಬೇಕು, ಏನು ಮಾಡಬಾರದು?

ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಗಂಡಸರಿಗೂ ಇದೇ ನಿಯಮ. ಬಿಳಿ ಅಥವಾ ತಿಳಿ ಬಣ್ಣದ ಹತ್ತಿ ಬಟ್ಟೆ ಎರಡು ಜೊತೆ ಇದ್ದರೆ ಸಾಕು. ಚಪ್ಪಲಿಯ ಜೊತೆ ಟೋಪಿಯನ್ನೂ ತೆಗೆಯಬೇಕು, ಇದನ್ನು ನಮ್ಮವರು ಮರೆಯುತ್ತಾರೆ. ಪಾಳುಬಿದ್ದ ಜಾಗ ಅಂತ ಅಂದುಕೊಂಡರೂ, ಮೂರ್ತಿ ಇದ್ದರೆ ಅಲ್ಲೂ ಚಪ್ಪಲಿ ಇಲ್ಲ. ಮಧ್ಯಾಹ್ನ 12ಕ್ಕೆ ಆ ಕಲ್ಲು ಹಾಸಿನ ಮೇಲೆ ಬರಿಗಾಲಲ್ಲಿ ನಡೆಯುವುದು ಕೆಂಡ ಹಾಯ್ದ ಹಾಗೆ. ಹಳೆ ಕಾಲುಚೀಲ ಬ್ಯಾಗಿನಲ್ಲಿಟ್ಟುಕೊಳ್ಳಿ, ಅದನ್ನು ಹಾಕಿಕೊಂಡು ನಡೆದರೆ ಯಾರೂ ಏನೂ ಅನ್ನುವುದಿಲ್ಲ.

ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಅಲ್ಲಿ ದೊಡ್ಡ ಅಪಚಾರ. ಕಾವಲಿನವರು ಫೋನ್ ಕಿತ್ತುಕೊಂಡು ಅಳಿಸುವುದನ್ನು ಕಣ್ಣಾರೆ ನೋಡಿದ್ದೇನೆ. ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದರೆ ತುಂಬು ತೋಳಿನ ಅಂಗಿ ಹಾಕಿ. 2014ರಲ್ಲಿ ಬ್ರಿಟನ್ನಿನ ಒಬ್ಬ ಪ್ರವಾಸಿಯನ್ನು ಇದೇ ಕಾರಣಕ್ಕೆ ವಾಪಸ್ ಕಳಿಸಿದ್ದರು. ಭಿಕ್ಷುಗಳಿಗೆ ಕೈಮುಗಿಯಿರಿ, ಕೈಕುಲುಕಲು ಹೋಗಬೇಡಿ. ಹೆಂಗಸರು ಅವರನ್ನು ಮುಟ್ಟುವಂತಿಲ್ಲ. ಬಸ್ಸಿನ ಮುಂದಿನ ಸೀಟು ಅವರಿಗೆ ಮೀಸಲು.

ಹೂವಿನ ವಿಷಯ ನನಗೆ ಕಲಿಸಿದವರು ಒಬ್ಬ ಅಜ್ಜಿ. ಸಂಜೆ ಅನುರಾಧಪುರದ ರುವನ್ವೆಲಿಸಾಯ ಸ್ತೂಪದ ಹತ್ತಿರ ನಾನು ಬರಿಗೈಯಲ್ಲಿ ನಿಂತಿದ್ದೆ. ಅವರು ತಮ್ಮ ತಟ್ಟೆಯಿಂದ ನಾಲ್ಕು ನೀಲಿ ನೈದಿಲೆ ತೆಗೆದು ನನ್ನ ಕೈಗೆ ಹಾಕಿದರು. ಅಭ್ಯಾಸಬಲ, ಹೂವನ್ನು ಮೂಗಿನ ಹತ್ತಿರ ತಂದೆ. ಅಜ್ಜಿ ತಟ್ಟನೆ ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. ಬುದ್ಧನಿಗೆ ಕೊಡುವ ಹೂವನ್ನು ಮೂಸಬಾರದು ಅಂತ ಅವರ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಅಮ್ಮ ಪಕ್ಕದಲ್ಲೇ ಇದ್ದರು. "ನಾನು ಎಷ್ಟು ಸಲ ಹೇಳಿದ್ದೀನಿ ನಿಂಗೆ, ದೇವರ ಹೂವು ಮೂಸಬೇಡ ಅಂತ" ಅಂದರು.

ಅನುರಾಧಪುರದಲ್ಲಿ ಏನೇನು ನೋಡಬೇಕು?

ಮೊದಲು ಜಯಶ್ರೀ ಮಹಾಬೋಧಿ, ಸಂಘಮಿತ್ತೆ ತಂದ ಕೊಂಬೆಯ ಮರ. ಮರ ದೊಡ್ಡದಾಗಿರುತ್ತದೆ ಅಂತ ಹೋದವರಿಗೆ ನಿರಾಸೆ ಆಗಬಹುದು. ಎತ್ತರದ ಕಟ್ಟೆಯ ಮೇಲೆ ಬಳುಕಿದ ತೆಳು ಕೊಂಬೆಗಳು, ಬೀಳದ ಹಾಗೆ ಚಿನ್ನದ ಬಣ್ಣದ ಊರುಗೋಲುಗಳು. ಸುತ್ತ ಇರುವ ದೊಡ್ಡ ಅರಳಿ ಮರಗಳೆಲ್ಲ ಇದರ ಕಾವಲಿಗೆ. ಕೆಳಗೆ ಮರಳಿನ ಮೇಲೆ ಜನ ಕೂತಿರುತ್ತಾರೆ. ಒಂದು ಎಲೆ ತಾನಾಗಿ ಉದುರಿದರೆ ಹತ್ತು ಜನ ಕೈಚಾಚುತ್ತಾರೆ. ಕೀಳುವುದಂತೂ ಇಲ್ಲವೇ ಇಲ್ಲ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ರುವನ್ವೆಲಿಸಾಯ, ದುಟ್ಟಗಾಮಣಿ ರಾಜ ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಕಟ್ಟಿಸಿದ ಬಿಳಿ ಸ್ತೂಪ. ಅವರು ಸ್ತೂಪಕ್ಕೆ ದಾಗೊಬ ಎನ್ನುತ್ತಾರೆ. ಸುತ್ತುಗೋಡೆಯಲ್ಲಿ ಸಾಲಾಗಿ ಆನೆಗಳು. ಸಂಜೆ 5ಕ್ಕೆ ಹೋಗಿ, ದೀಪ ಹಚ್ಚುವವರೆಗೆ ಇರಿ. ಉದ್ದದ ಬಟ್ಟೆಯನ್ನು ಐವತ್ತು ಅರವತ್ತು ಜನ ತಲೆಯ ಮೇಲೆ ಹೊತ್ತು, ಡೋಲಿನ ಜೊತೆ ಪ್ರದಕ್ಷಿಣೆ ಬರುತ್ತಿರುತ್ತಾರೆ. ಪಕ್ಕದಲ್ಲಿ ಯಾರಾದರೂ ಜಾಗ ಬಿಟ್ಟುಕೊಟ್ಟರೆ ನೀವೂ ಹೆಗಲು ಕೊಡಬಹುದು.

'ಇಟ್ಟಿಗೆ ಗುಡ್ಡ' ಎಂದಿದ್ದು ಜೇತವನಾರಾಮ ಸ್ತೂಪವನ್ನು. ಮೂಲದಲ್ಲಿ ಅದರ ಎತ್ತರ ಸುಮಾರು 122 ಮೀಟರ್. ಆ ಕಾಲಕ್ಕೆ ಜಗತ್ತಿನಲ್ಲಿ ಅದಕ್ಕಿಂತ ಎತ್ತರ ಇದ್ದದ್ದು ಈಜಿಪ್ಟಿನ ಗಿಜಾದ ಎರಡು ಪಿರಮಿಡ್ ಮಾತ್ರ. ಸುಮಾರು 9 ಕೋಟಿ 30 ಲಕ್ಷ ಇಟ್ಟಿಗೆ ಹಿಡಿದಿದೆ ಎಂದು ಲೆಕ್ಕ. ಈಗ ಉಳಿದಿರುವುದು 71 ಮೀಟರ್. ಹತ್ತಿರ ಹೋಗಿ ನಿಂತರೆ ಕತ್ತು ಹಿಂದಕ್ಕೆ ಬಾಗುತ್ತದೆ.

ಜಾಗಗಳ ನಡುವೆ ದೂರ ಜಾಸ್ತಿ. ಸೈಕಲ್ ಬಾಡಿಗೆಗೆ ಸಿಗುತ್ತದೆ, ವಯಸ್ಸಾದವರಿದ್ದರೆ ಇಡೀ ದಿನಕ್ಕೆ ಆಟೋ ಮಾತಾಡಿಕೊಳ್ಳಿ. ಮಧ್ಯೆ ಮಧ್ಯೆ ಕೆರೆಗಳು ಕಾಣುತ್ತವೆ. ಸಿಂಹಳದಲ್ಲಿ ಕೆರೆಗೆ 'ವೆವ'. ಊರು ಮತ್ತು ವಿಹಾರ, ಕೆರೆ ಮತ್ತು ದಾಗೊಬ ಎಂದು ಜೋಡಿಯಾಗಿ ಹೇಳುವ ಗಾದೆ ಅವರಲ್ಲಿದೆ. ಕೆರೆ ಇಲ್ಲದಿದ್ದರೆ ಆ ಒಣಸೀಮೆಯಲ್ಲಿ ಅಷ್ಟು ದೊಡ್ಡ ಸ್ತೂಪ ಕಟ್ಟಲು ಜನರಿಗೆ ಅನ್ನ ಎಲ್ಲಿಂದ ಬರಬೇಕಿತ್ತು?

ಮಿಹಿಂತಲೆ ಅಲ್ಲಿಂದ 13 ಕಿಲೋಮೀಟರ್. 1,840 ಮೆಟ್ಟಿಲು ಅಂತ ಹೆದರಬೇಡಿ, ಅರ್ಧದವರೆಗೆ ವಾಹನ ಹೋಗುತ್ತದೆ.

ಅನುರಾಧಪುರ ನೋಡಿದ ಮೇಲೆ ಪೊಲೊನ್ನರುವ ಬೇಕಾ?

ಗಲ್ ವಿಹಾರ ಒಂದಕ್ಕಾದರೂ ಬೇಕು. 12ನೇ ಶತಮಾನದಲ್ಲಿ ಒಂದನೇ ಪರಾಕ್ರಮಬಾಹು ಮಾಡಿಸಿದ್ದು. ಒಂದೇ ಬಂಡೆಯಲ್ಲಿ ಕೂತ, ನಿಂತ, ಮಲಗಿದ ಬುದ್ಧ. ಮಲಗಿದ ಮೂರ್ತಿ ಸುಮಾರು 14 ಮೀಟರ್ ಉದ್ದ. ಎರಡು ಕಡೆ ಮಾತ್ರ ಗಮನಿಸಿ. ತಲೆಯ ಭಾರಕ್ಕೆ ಕಲ್ಲಿನ ದಿಂಬು ಮೆತ್ತಗೆ ತಗ್ಗಾಗಿದೆ. ಪಾದದ ಹತ್ತಿರ ಬಂದರೆ, ಎರಡೂ ಹೆಬ್ಬೆರಳು ಒಂದೇ ಸಾಲಿನಲ್ಲಿಲ್ಲ, ಮೇಲಿನ ಪಾದ ಚೂರು ಹಿಂದೆ ಸರಿದಿದೆ. ಪಾದ ಜೋಡಿಯಾಗಿದ್ದರೆ ನಿದ್ರೆ, ಹೀಗೆ ಸರಿದಿದ್ದರೆ ಪರಿನಿರ್ವಾಣ ಎಂದು ಗುರುತು. ಇಷ್ಟನ್ನು ಯಾರಾದರೂ ಹೇಳದಿದ್ದರೆ ಫೋಟೊ ತೆಗೆದುಕೊಂಡು ಮುಂದೆ ಹೋಗಿಬಿಡುತ್ತೇವೆ. ಅದೇ ಊರಿನಲ್ಲಿ ಚೋಳರ ಕಾಲದ ಶಿವ ದೇವಾಲಯವೂ ಇದೆ.

ಅಪ್ಪ ಅಮ್ಮನಿಗೆ ಸಿಗಿರಿಯ ಹತ್ತಲು ಆಗುತ್ತಾ?

ಸಿಗಿರಿಯ ಒಂದು ದೊಡ್ಡ ಬಂಡೆ. ಸುಮಾರು 1,200 ಮೆಟ್ಟಿಲು, ಕೊನೆಯ ಭಾಗ ಬಂಡೆಗೆ ಅಂಟಿಸಿದ ಕಬ್ಬಿಣದ ಮೆಟ್ಟಿಲು. ಮಂಡಿನೋವು, ತಲೆಸುತ್ತು ಇರುವವರಿಗೆ ಬೇಡ. ಅಮ್ಮ ಕೆಳಗಿನ ನೀರಿನ ತೋಟದಲ್ಲೇ ಕೂತಿದ್ದರು, ನನಗಿಂತ ಖುಷಿಯಾಗಿದ್ದರು. ನಿಜ ಹೇಳಬೇಕೆಂದರೆ ಸಿಗಿರಿಯ ಹೆಸರಾಗಿರುವುದು 5ನೇ ಶತಮಾನದ ಕಾಶ್ಯಪ ರಾಜನ ಅರಮನೆಯಾಗಿ. ಅವನ ಮೊದಲೂ ಆಮೇಲೂ ಭಿಕ್ಷುಗಳು ಅಲ್ಲಿದ್ದರು, ಆದರೆ ಬುದ್ಧನಿಗಾಗಿ ಹೋಗುವವರು ಅದನ್ನು ಬಿಟ್ಟರೂ ನಡೆಯುತ್ತದೆ. ಹತ್ತುವವರು ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಗೋಡೆಯ ಚಿತ್ರಗಳ ಫೋಟೊ ತೆಗೆಯುವಂತಿಲ್ಲ. ಅಲ್ಲಿ ಜೇನುನೊಣದ ಕಾಟವೂ ಇದೆ, ಗಲಾಟೆ ಮಾಡಬೇಡಿ.

ಬದಲಿಗೆ ದಂಬುಲ್ಲದ ಗುಹೆಗಳಿಗೆ ಕರೆದುಕೊಂಡು ಹೋಗಿ. ಮೆಟ್ಟಿಲು ಅಲ್ಲೂ ಇವೆ, ಆದರೆ ಕೂತು ಕೂತು ಹತ್ತಬಹುದು. ಐದು ಗುಹೆ, 150ಕ್ಕೂ ಹೆಚ್ಚು ಬುದ್ಧ ಮೂರ್ತಿಗಳು, ಛಾವಣಿಯ ತುಂಬ ಬಣ್ಣದ ಚಿತ್ರ.

ಕ್ಯಾಂಡಿಯಲ್ಲಿ ಬುದ್ಧನ ಹಲ್ಲು ಕಾಣುತ್ತಾ?

ಇಲ್ಲ. ಕಾಣುವುದು ಅದನ್ನಿಟ್ಟಿರುವ ಚಿನ್ನದ ಕರಂಡ, ಅದೂ ಪೂಜೆಯ ಹೊತ್ತಿಗೆ ಬಾಗಿಲು ತೆಗೆದಾಗ, ನೂಕುನುಗ್ಗಲಿನಲ್ಲಿ, ಎರಡು ಸೆಕೆಂಡು. ಬೆಳಗ್ಗೆ 5:30, 9:30 ಮತ್ತು ಸಂಜೆ 6:30ಕ್ಕೆ ಪೂಜೆ. ಬೆಳಗಿನ ಜಾವದ್ದಕ್ಕೆ ಜನ ಕಡಿಮೆ. ಹಲ್ಲನ್ನೇ ಜನರಿಗೆ ತೋರಿಸಿದ್ದು 2025ರ ಏಪ್ರಿಲಿನಲ್ಲಿ, 16 ವರ್ಷಗಳ ಮೇಲೆ. ಕಳಿಂಗದ ರಾಜಕುಮಾರಿ ಹೇಮಮಾಲೆ ತನ್ನ ಜಡೆಯಲ್ಲಿ ಮುಚ್ಚಿಟ್ಟುಕೊಂಡು ತಂದಳು ಎಂಬ ಕತೆ ಅಲ್ಲಿ ಎಲ್ಲ ಮಕ್ಕಳಿಗೂ ಗೊತ್ತು. ಜುಲೈ, ಆಗಸ್ಟಿನ ಎಸಲ ಪೆರಹೆರ ಮೆರವಣಿಗೆಯಲ್ಲಿ ಆನೆ ಹೊರುವುದು ಕರಂಡದ ಪ್ರತಿಕೃತಿಯನ್ನು. ಅದನ್ನು ನೋಡಬೇಕೆಂದರೆ ರೂಮನ್ನು ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು.

ಹಲ್ಲಿರುವ ದೇವಸ್ಥಾನದ ಹೆಸರು ದಳದಾ ಮಾಳಿಗಾವ. ಅದರ ಆಸುಪಾಸಿನಲ್ಲೇ ವಿಷ್ಣು, ನಾಥ, ಪತ್ತಿನಿ, ಕತರಗಾಮ ದೇವರ ಗುಡಿಗಳಿವೆ. ಪತ್ತಿನಿ ಎಂದರೆ ತಮಿಳಿನ ಕಣ್ಣಗಿ, ಕತರಗಾಮ ದೇವರು ಸ್ಕಂದ. ಬುದ್ಧನಿಗೆ ಕೈಮುಗಿದು, ಪರೀಕ್ಷೆ, ಮದುವೆ, ಕಾಯಿಲೆಯ ಹರಕೆಗೆ ಇವರ ಹತ್ತಿರ ಹೋಗುತ್ತಾರೆ. ಅಮ್ಮನಿಗೆ ಇದು ಬಹಳ ಸರಿಯಾದ ವ್ಯವಸ್ಥೆ ಅನ್ನಿಸಿತು.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡೋದು?

ಅನ್ನ ಮತ್ತು ನಾಲ್ಕೈದು ಬಗೆ ಪಲ್ಯ, ಸಾರು ಅಲ್ಲಿನ ಮಾಮೂಲಿ ಊಟ. ಬೇಳೆಗೆ 'ಪರಿಪ್ಪು', ಎಳೆ ಹಲಸಿನ ಪಲ್ಯಕ್ಕೆ 'ಪೊಲೊಸ್'. 'ಗೊಟುಕೊಲ' ಎಂದು ಕಾಯಿತುರಿ ಹಾಕಿ ಕೊಡುವುದು ನಮ್ಮ ಒಂದೆಲಗ. 'ಇಂದಿಅಪ್ಪ' ನಮ್ಮ ಒತ್ತುಶಾವಿಗೆ. ರಾಗಿಗೆ ಅವರು 'ಕುರಕ್ಕನ್' ಎನ್ನುತ್ತಾರೆ. ಅದರ ರೊಟ್ಟಿ ಸುಲಭವಾಗಿ ಸಿಗುತ್ತದೆ, 'ತಲಪ' ಎಂಬ ಉಂಡೆಯನ್ನು ನೋಡಿದರೆ ಹಳೇ ಮೈಸೂರಿನವರಿಗೆ ಬೇರೆ ವಿವರಣೆ ಬೇಕಿಲ್ಲ. ಎಮ್ಮೆ ಮೊಸರಿಗೆ ಬೈನೆ ಮರದ ಜೋನಿಬೆಲ್ಲ ಸುರಿದು ಕೊಡುತ್ತಾರೆ. ಅದೊಂದಕ್ಕೇ ಮೂರನೇ ಸಲ ಹೋಗಬಹುದು.

ತೊಂದರೆ ಇರುವುದು 'ಉಂಬಲಕಡ'ದಲ್ಲಿ, ಅಂದರೆ ಮಾಲ್ಡೀವ್ಸಿನ ಒಣಮೀನಿನ ಪುಡಿ. ಕಾಯಿ, ಒಣಮೆಣಸು, ಈರುಳ್ಳಿಯ 'ಪೊಲ್ ಸಂಬೊಲ್' ಅಮ್ಮನಿಗೆ ಬಹಳ ಹಿಡಿಸಿತ್ತು. ಎರಡು ದಿನ ಚಪ್ಪರಿಸಿಕೊಂಡು ತಿಂದರು. ಮೂರನೇ ದಿನ ಹೋಟೆಲಿನ ಹುಡುಗ ತಾನಾಗಿಯೇ ಹೇಳಿದ, ಮೀನಿನ ಪುಡಿ ಇವತ್ತು ಸ್ವಲ್ಪ ಕಡಿಮೆ ಹಾಕಿದ್ದೇವೆ ಅಂತ. ಅಮ್ಮ ತಟ್ಟೆ ದೂಡಿ, ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ "ಗೊತ್ತಿಲ್ಲದೆ ತಿಂದಿದ್ದಕ್ಕೆ ದೋಷ ಇಲ್ಲ ಬಿಡು" ಅಂದರು. ಆದ್ದರಿಂದ ಕೂರುವ ಮೊದಲೇ "ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ" ಎನ್ನಿ. ಮಾಂಸ ಬೇಡ, ಮೀನು ಬೇಡ, ಆ ಪುಡಿಯೂ ಬೇಡ ಅಂತ. ತಮಿಳರ ಸೈವ ಹೋಟೆಲು ಸಿಕ್ಕಿದರೆ ಚಿಂತೆಯೇ ಇಲ್ಲ.

ಕಾರು ಬೇಕಾ, ರೈಲು ಸಾಕಾ?

ಈ ದಾರಿಗೆ ಡ್ರೈವರ್ ಸಮೇತ ಕಾರೇ ಸರಿ, ನಾಲ್ಕು ಜನ ಇದ್ದರೆ ಹೊರೆ ಅನ್ನಿಸುವುದಿಲ್ಲ. ಒಂದು ಮಾತು ಮೊದಲೇ ಆಡಿಬಿಡಿ: ಮಸಾಲೆ ತೋಟ, ರತ್ನದ ಅಂಗಡಿ ಬೇಡ ಅಂತ. ಇಲ್ಲದಿದ್ದರೆ ದಿನಕ್ಕೊಂದು ಗಂಟೆ ಅಲ್ಲೇ ಹೋಗುತ್ತದೆ. ಕ್ಯಾಂಡಿಯಿಂದ 'ಎಲ್ಲ' ಎಂಬ ಊರಿಗೆ ಹೋಗುವ ಬೆಟ್ಟದ ರೈಲು ಚಂದ, ಆದರೆ ದಿತ್ವಾ ಚಂಡಮಾರುತದಲ್ಲಿ ಮಾರ್ಗಕ್ಕೆ ತುಂಬಾ ಪೆಟ್ಟಾಗಿತ್ತು. ಪೂರ್ತಿ ಓಡುತ್ತಿದೆಯಾ ಅಂತ ವಿಚಾರಿಸಿ ಆಮೇಲೆ ಪ್ಲಾನಿಗೆ ಸೇರಿಸಿ.

ರಾಮಾಯಣದ ಜಾಗಗಳನ್ನೂ ಸೇರಿಸಬಹುದಾ?

ನುವರ ಎಲಿಯ ಹತ್ತಿರ ಸೀತಾ ಎಲಿಯದಲ್ಲಿ ಸೀತಮ್ಮನ ಗುಡಿ ಇದೆ. ಸೇರಿಸಿದರೆ ಒಂದು ದಿನ ಹೆಚ್ಚು. ಅನುರಾಧಪುರದ ಎರಡು ರಾತ್ರಿಯಿಂದ ಕತ್ತರಿಸಬೇಡಿ, ಅಷ್ಟೇ ನನ್ನ ಕೋರಿಕೆ.

ಮಕ್ಕಳಿಗೆ ಬೋರ್ ಆಗಲ್ವಾ?

ಆಗುತ್ತದೆ, ಬರೀ ಸ್ತೂಪ ತೋರಿಸಿದರೆ. ಅದಕ್ಕೆ ಅವರಿಗೊಂದು ಕೆಲಸ ಕೊಡಿ. ಹಳೆಯ ವಿಹಾರಗಳ ಬಾಗಿಲಲ್ಲಿ ಅರ್ಧ ಚಂದ್ರದ ಆಕಾರದ ಕೆತ್ತಿದ ಕಲ್ಲು ಇರುತ್ತದೆ, 'ಸಂದಕಡ ಪಹಣ' ಅಂತ. ನಮ್ಮ ದೇವಸ್ಥಾನಗಳ ಚಂದ್ರಶಿಲೆಯೇ. ಅನುರಾಧಪುರದ ಕಲ್ಲಿನಲ್ಲಿ ಆನೆ, ಕುದುರೆ, ಸಿಂಹ, ಎತ್ತು, ಹಂಸ ಎಲ್ಲ ಇವೆ. ಪೊಲೊನ್ನರುವಕ್ಕೆ ಹೋದ ಮೇಲೆ ಯಾವ ಪ್ರಾಣಿ ಕಾಣೆಯಾಗಿದೆ ಎಂದು ಹುಡುಕಲು ಹೇಳಿ. ಎತ್ತು ಕಾಣೆಯಾಗಿದೆ. ಶಿವನ ವಾಹನವನ್ನು ತುಳಿಯಬಾರದು ಅಂತ ಮೆಟ್ಟಿಲ ಕಲ್ಲಿನಿಂದ ತೆಗೆದರು ಎನ್ನುತ್ತಾರೆ. ಹುಡುಕುವಾಗ ಕೈಯಲ್ಲಿ ಬಿಸ್ಕತ್ತು ಮಾತ್ರ ಇರಬಾರದು, ಅಲ್ಲಿನ ಕೋತಿಗಳು ಬ್ಯಾಗಿನ ಜಿಪ್ಪನ್ನೂ ತೆಗೆಯುತ್ತವೆ.